ದೋಣಿ ಬ್ಯಾಟರಿ ಬೇಗ ಇಳಿಯುತ್ತಿದೆಯೇ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಹೋದ ಬೇಸಿಗೆಯ ಮಾತು. ಹಾವನೂರು ಕಡೆಯ ಕಾಕಾ ಒಬ್ಬರು ಬೆಳಗ್ಗೆ ಎಂಟಕ್ಕೇ ಹಾವೇರಿಯ ನಮ್ಮ ಅಂಗಡಿ ಮುಂದೆ ಬೈಕ್ ನಿಲ್ಲಿಸಿದರು. ಹಿಂದೆ ಗೋಣಿಚೀಲದಲ್ಲಿ ಸುತ್ತಿ ಕಟ್ಟಿದ ಬ್ಯಾಟರಿ. "ತಮ್ಮಾ, ಇದು ಮುಗೀತು ನೋಡಪಾ. ಹೊಸಾದಕ್ಕ ಎಷ್ಟಾಕ್ಕೈತಿ ಹೇಳು" ಅಂದರು.

ಅವರದು ಚಿಕ್ಕ ಫೈಬರ್ ದೋಣಿ. ಪಕ್ಕಕ್ಕೆ ಬ್ಯಾಟರಿಯಲ್ಲಿ ಓಡುವ ಸಣ್ಣ ಮೋಟಾರು, ಜೊತೆಗೆ 10 ವ್ಯಾಟಿನ ಎರಡು ಎಲ್‌ಇಡಿ ದೀಪ. ಸಂಜೆ ತುಂಗಭದ್ರೆಯಲ್ಲಿ ಬಲೆ ಬಿಟ್ಟು, ನಸುಕಿನಲ್ಲಿ ಎತ್ತುತ್ತಾರೆ. ಬ್ಯಾಟರಿ 12 ವೋಲ್ಟ್, 100 ಆಂಪಿಯರ್-ಅವರ್. ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮೊದಮೊದಲು ಇಡೀ ರಾತ್ರಿ ಬರುತ್ತಿತ್ತು. ಈಗ ಮೋಟಾರು ಹಾಕಿದ ಅರ್ಧ ಗಂಟೆಗೇ ಸೊರಗುತ್ತದೆ, ವಾಪಸ್ ಬರುವಾಗ ಹುಟ್ಟು ಹಾಕಲೇಬೇಕು. ನೀರಿನ ಸೆಳೆತಕ್ಕೆ ಎದುರಾಗಿ, ಮೀನು ತುಂಬಿದ ದೋಣಿಯನ್ನು ಹುಟ್ಟು ಹಾಕಿ ತರುವುದು ಅರವತ್ತು ದಾಟಿದವರಿಗೆ ಸಣ್ಣ ಕೆಲಸವಲ್ಲ.

ನಾನು ಹೊಸ ಬ್ಯಾಟರಿ ಕೊಡಲಿಲ್ಲ. ಅವರದು ಸತ್ತಿರಲಿಲ್ಲ. ಎರಡು ತಪ್ಪು ಒಟ್ಟಿಗೆ ಸೇರಿದ್ದವು, ಎರಡೂ ಬ್ಯಾಟರಿಯ ಹೊರಗಿದ್ದವು. ಬ್ಯಾಟರಿ ಹೋಯಿತು ಎಂದು ಹೊತ್ತು ತಂದವುಗಳಲ್ಲಿ ಹೀಗೆ ಚೆನ್ನಾಗಿಯೇ ಇರುವವು ನನ್ನ ಕೈಗೆ ಮತ್ತೆ ಮತ್ತೆ ಬಂದಿವೆ. ಹೊಸದು ಹಾಕಿದರೂ ಅದೇ ಚಾರ್ಜರ್, ಅದೇ ವೈರ್. ಆರು ತಿಂಗಳಿಗೆ ಅದೂ ಕೆಡುತ್ತದೆ. ಅದಕ್ಕೇ ಹುಡುಕುವ ದಾರಿಯನ್ನು ಬರೆಯುತ್ತಿದ್ದೇನೆ. ಬೇಕಾದದ್ದು ವೋಲ್ಟ್, ಆಂಪಿಯರ್ ಅಳೆಯುವ ಒಂದು ಡಿಜಿಟಲ್ ಮೀಟರ್, ಬ್ಯಾಟರಿಯೊಳಗಿನ ಆಸಿಡ್ ನೀರು ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಒಂದು ಹೈಡ್ರೋಮೀಟರ್. ನೀರು ಹಾಕುವ ಬ್ಯಾಟರಿ ಇಟ್ಟುಕೊಂಡವರ ಮನೆಯಲ್ಲಿ ಇವೆರಡೂ ಇರಲೇಬೇಕು.

ಮೊದಲು ಸುಮ್ಮನೆ ಬಿಡಿ, ಆಮೇಲೆ ಅಳೆಯಿರಿ

ಚಾರ್ಜರ್ ಈಗಷ್ಟೇ ತೆಗೆದು ಮೀಟರ್ ಇಟ್ಟರೆ 13 ವೋಲ್ಟ್ ಮೇಲೆ ತೋರಿಸುತ್ತದೆ. ಅದನ್ನು ನಂಬಬೇಡಿ. ಅದು ಬ್ಯಾಟರಿಯೊಳಗಿನ ಸೀಸದ ಪ್ಲೇಟಿನ ಮೇಲ್ಮೈಯಲ್ಲಿ ನಿಂತ ಚಾರ್ಜ್. ಎಲ್ಲ ವೈರ್ ಬಿಚ್ಚಿ ಕನಿಷ್ಠ ನಾಲ್ಕೈದು ಗಂಟೆ, ಆಗುವುದಾದರೆ ಒಂದು ರಾತ್ರಿ ಬಿಡಿ. ಅಷ್ಟು ಹೊತ್ತು ಇಲ್ಲದಿದ್ದರೆ ಹತ್ತು ನಿಮಿಷ ಒಂದು ಹೆಡ್‌ಲೈಟ್ ಬಲ್ಬ್ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಪೂರ್ತಿ ತುಂಬಿದ ಬ್ಯಾಟರಿ 12.5ರಿಂದ 12.7ರ ಒಳಗೆ ನಿಲ್ಲುತ್ತದೆ. 12.1 ಅಥವಾ 12.2 ಅಂದರೆ ಅರ್ಧ ಖಾಲಿ ಎಂದೇ ತಿಳಿಯಿರಿ. 11.9ಕ್ಕಿಂತ ಕೆಳಗಿದ್ದರೆ ಬರಿದಾದಂತೆ. 10.5ರ ಸುತ್ತ ನಿಂತು, ಎಷ್ಟು ಚಾರ್ಜ್ ಮಾಡಿದರೂ ಮೇಲೆ ಏಳದಿದ್ದರೆ ಒಳಗಿನ ಆರು ಸೆಲ್‌ಗಳಲ್ಲಿ, ಅಂದರೆ ಬೇರೆ ಬೇರೆ ಖಾನೆಗಳಲ್ಲಿ, ಒಂದು ಹೋಗಿರುವ ಸಾಧ್ಯತೆ ಜಾಸ್ತಿ. ತುಂಬಿದ ಒಂದು ಸೆಲ್ ಅಂದರೆ ಸುಮಾರು 2.1 ವೋಲ್ಟ್ ಅಲ್ವಾ, ಆರರಲ್ಲಿ ಒಂದು ಕಳೆದರೆ ಉಳಿಯುವುದು ಅಷ್ಟೇ.

ಕಾಕಾ ಅವರ ಬ್ಯಾಟರಿ 12.15 ತೋರಿಸಿತು. "ಕಾಕಾ, ನಿನ್ನೆ ಚಾರ್ಜ್ ಮಾಡಿದ್ರೇನ್ರಿ?" ಎಂದು ಕೇಳಿದೆ. "ಮಾಡೇನಿ, ದಿನಾ ಮಾಡ್ತೀನಿ. ಹಸಿರು ಲೈಟ್ ಬಂದ ಮ್ಯಾಲೇ ತೆಗೀತೀನಿ" ಅಂದರು. ದಿನಾ ಚಾರ್ಜ್ ಆಗುವ ಬ್ಯಾಟರಿ ಅರ್ಧಕ್ಕೆ ನಿಂತಿದೆ. ಚಾರ್ಜ್ ಒಳಗೆ ಹೋಗುತ್ತಿಲ್ಲವೋ, ಹೋದದ್ದು ನಿಲ್ಲುತ್ತಿಲ್ಲವೋ? ಇದನ್ನು ಹೇಳುವುದು ಮೀಟರ್ ಅಲ್ಲ, ಹೈಡ್ರೋಮೀಟರ್.

ಆರೂ ಸೆಲ್ ಒಂದೇ ಮಾತು ಹೇಳುತ್ತಿವೆಯೇ?

ಇಡೀ ಪರೀಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಆರು ಮುಚ್ಚಳ ಬಿಚ್ಚಿ, ಒಂದೊಂದೇ ಸೆಲ್‌ನಿಂದ ಆಸಿಡ್ ನೀರು ಎಳೆದು, ತೇಲುವ ಗೆರೆ ನೋಡಿ, ಕಾಗದದ ಮೇಲೆ ಸಾಲಾಗಿ ಬರೆಯಿರಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ಎಳೆದ ನೀರನ್ನು ಅದೇ ಸೆಲ್‌ಗೆ ವಾಪಸ್ ಬಿಡಿ.

ಪೂರ್ತಿ ಚಾರ್ಜಿಗೆ ಎಷ್ಟು ಇರಬೇಕು ಎಂಬುದನ್ನು ಬ್ಯಾಟರಿ ಮೇಲೆಯೋ ಅದರ ಜೊತೆ ಬಂದ ಚೀಟಿಯಲ್ಲೋ ಬರೆದಿರುತ್ತಾರೆ. ನಮ್ಮ ಕಡೆಯ ಬಿಸಿಲಿಗೆಂದು ಮಾಡಿದವಕ್ಕೆ 1.240, 1.250 ಇರುವುದುಂಟು. ಬೇರೆ ಕೆಲವಕ್ಕೆ 1.280ರವರೆಗೂ ಇರುತ್ತದೆ. ನಿಮ್ಮದಕ್ಕೆ ಏನು ಬರೆದಿದೆಯೋ ಅದೇ ಲೆಕ್ಕ, ಪಕ್ಕದ ದೋಣಿಯವರದಲ್ಲ. ಎರಡು ಪರೀಕ್ಷೆ ತಾಳೆ ನೋಡಲು ಒಂದು ಸುಲಭ ಲೆಕ್ಕವೂ ಇದೆ. ಹೈಡ್ರೋಮೀಟರ್ ಅಂಕಿಗೆ 0.84 ಕೂಡಿಸಿ, ಆರರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ಬ್ಯಾಟರಿಯ ವೋಲ್ಟ್ ಸುಮಾರು ಅಷ್ಟೇ ಬರಬೇಕು.

ಕಾಕಾ ಅವರದಕ್ಕೆ 1.250 ಎಂದು ಬರೆದಿತ್ತು. ನನಗೆ ಸಿಕ್ಕದ್ದು: 1.190, 1.185, 1.190, 1.180, 1.185, 1.190. ಎಲ್ಲವೂ ಕಡಿಮೆ. ಆದರೆ ಎಲ್ಲವೂ ಸಮ. 1.185ಕ್ಕೆ 0.84 ಕೂಡಿಸಿ ಆರರಿಂದ ಗುಣಿಸಿದರೆ 12.15. ಮೀಟರ್ ಹೇಳಿದ್ದೂ ಅದನ್ನೇ.

ಆರೂ ಸೆಲ್ ಸಮವಾಗಿ ಇಳಿದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಬ್ಯಾಟರಿಯನ್ನಲ್ಲ, ಚಾರ್ಜನ್ನು. ಹಸಿದ ಎತ್ತು ಗಾಡಿ ಎಳೆಯದಿದ್ದರೆ ಎತ್ತಿಗೆ ರೋಗ ಎನ್ನುತ್ತೀವೇನು? ಆದರೆ ಐದು ಸೆಲ್ 1.240 ತೋರಿಸಿ ಒಂದೇ ಒಂದು 1.120ಕ್ಕೆ ಕುಸಿದಿದ್ದರೆ ಆ ಸೆಲ್ ಒಳಗೇ ಕೆಟ್ಟಿದೆ. ಪೂರ್ತಿ ಚಾರ್ಜ್ ಆದ ಮೇಲೂ ಸೆಲ್‌ಗಳ ನಡುವೆ 0.030ಕ್ಕಿಂತ ಜಾಸ್ತಿ ವ್ಯತ್ಯಾಸ ಉಳಿದರೆ ಎಚ್ಚರವಾಗಬೇಕು. ಚಾರ್ಜ್ ಕೊನೆಯ ಹೊತ್ತಿಗೆ ಉಳಿದ ಸೆಲ್‌ಗಳಲ್ಲಿ ಗುಳ್ಳೆ ಏಳುತ್ತವೆ, ಕೆಟ್ಟ ಸೆಲ್ ಸುಮ್ಮನಿರುತ್ತದೆ. ಅಂಥದ್ದಕ್ಕೆ ದುಡ್ಡು ಹಾಕಬೇಡಿ. ಮಾತ್ರೆ, ಪುಡಿ, ದ್ರಾವಣ ಅಂತ ಮಾರುತ್ತಾರೆ, ಅವುಗಳಿಂದ ಒಂದು ಸೆಲ್ ಬದುಕಿದ್ದನ್ನು ನಾನು ನೋಡಿಲ್ಲ.

ಮುಚ್ಚಳ ತೆಗೆದಾಗ ನೀರಿನ ಮಟ್ಟವನ್ನೂ ನೋಡಿಬಿಡಿ. ಪ್ಲೇಟ್ ಮೇಲೆ ಎದ್ದು ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಈಗಷ್ಟೇ ನೀರು ಹಾಕಿದ ಸೆಲ್‌ನಲ್ಲಿ ಹೈಡ್ರೋಮೀಟರ್ ಇಡಬೇಡಿ, ತಪ್ಪು ತೋರಿಸುತ್ತದೆ. ಬೋರ್ ನೀರು, ಹೊಳೆ ನೀರು, ಕುಡಿಯುವ ಡಬ್ಬಿ ನೀರು ಯಾವುದೂ ಬೇಡ. ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ? ಅಂಥ ನೀರಿನ ಉಪ್ಪಿನಂಶವೆಲ್ಲ ಸೆಲ್ ಒಳಗೇ ಉಳಿಯುತ್ತದೆ. ಆಸಿಡ್ ಅಂತೂ ಸೇರಿಸಲೇಬೇಡಿ. ಒಳಗಿನಿಂದ ಆವಿಯಾಗಿ, ಗುಳ್ಳೆಯಾಗಿ ಹೋಗುವುದು ನೀರು, ಆಸಿಡ್ ಅಲ್ಲ.

ಚಾರ್ಜರ್ ನಿಜಕ್ಕೂ ಏನು ಕೊಡುತ್ತಿದೆ?

ಕಾಕಾ ಅವರ ಚಾರ್ಜರನ್ನೂ ತರಿಸಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್, 6 ಆಂಪಿಯರಿನದು. ಅಂಗಡಿಯಲ್ಲಿ ಹಾಕಿದಾಗ ಸರಿಯಾಗೇ ಇತ್ತು. ಹಾಗಾಗಿ ಅವರ ಮನೆಗೇ ಹೋಗಿ ನೋಡಬೇಕಾಯಿತು. ಸಂಜೆ ಏಳರ ಹೊತ್ತಿಗೆ ಪ್ಲಗ್ಗಿನಲ್ಲಿ ಮೀಟರ್ ಇಟ್ಟರೆ 180 ವೋಲ್ಟ್ ಕರೆಂಟ್. ಲೈನಿನ ಕೊನೆಯ ಮನೆ. ಎಲ್ಲರ ಮನೆಯ ದೀಪ, ಟಿವಿ, ಫ್ಯಾನು ಓಡುವ ಹೊತ್ತು. ಈ ಥರದ ಚಾರ್ಜರಿನಲ್ಲಿ ಬರುವ ಕರೆಂಟ್ ಇಳಿದರೆ ಕೊಡುವುದೂ ಇಳಿಯುತ್ತದೆ. ಬ್ಯಾಟರಿ ತುದಿಯಲ್ಲಿ 13.2ಕ್ಕಿಂತ ಮೇಲೆ ಏರಲೇ ಇಲ್ಲ.

ನೀರು ಹಾಕುವ 12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಚಾರ್ಜ್ ಆಗುವಾಗ ಅದರ ತುದಿಯಲ್ಲಿ 14.4ರ ಆಸುಪಾಸು ಸಿಗಬೇಕು, ಅದೂ ಕೆಲವು ಗಂಟೆ ನಿಲ್ಲಬೇಕು. 13.5ರಿಂದ 13.8 ಸಾಕಾಗುವುದು ತುಂಬಿದ ಬ್ಯಾಟರಿಯನ್ನು ಹಾಗೇ ಇಟ್ಟುಕೊಳ್ಳಲು ಮಾತ್ರ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ತಗಡಿನ ಶೆಡ್ಡಿನೊಳಗೆ ಬ್ಯಾಟರಿ 40 ಡಿಗ್ರಿ ಮುಟ್ಟಿದ್ದರೆ 14.1 ಸಾಕು. ಬಿಸಿ ಬ್ಯಾಟರಿಗೆ ಜಾಸ್ತಿ ಕೊಟ್ಟರೆ ನೀರು ಬೇಗ ಆರುತ್ತದೆ.

ಇನ್ನು ಹಸಿರು ದೀಪ. ಆ ಚಾರ್ಜರಿನಲ್ಲಿ ಅದು ಹೇಳುತ್ತಿದ್ದದ್ದು ಒಳಗೆ ಹೋಗುವ ಆಂಪಿಯರ್ ಕಡಿಮೆಯಾಗಿದೆ ಎಂದಷ್ಟೇ. ಬ್ಯಾಟರಿ ತುಂಬಿದರೂ ಕಡಿಮೆಯಾಗುತ್ತದೆ, ಚಾರ್ಜರಿಗೆ ತಳ್ಳುವ ಶಕ್ತಿ ಇಲ್ಲದಿದ್ದರೂ ಕಡಿಮೆಯಾಗುತ್ತದೆ. ಕಾಕಾ ಚಾರ್ಜಿಗೆ ಹಾಕಿ ನಾಲ್ಕು ಗಂಟೆ ಆದ ಕೂಡಲೇ ಪ್ಲಗ್ ತೆಗೆಯುತ್ತಿದ್ದರು.

ಅವರ ಜೊತೆ ಕೂತು ಲೆಕ್ಕ ಹಾಕಿದೆ. ಮೋಟಾರು ಎಳೆಯುವುದು 20 ಆಂಪಿಯರ್, ಹೋಗಿ ಬರಲು ಒಂದೂವರೆ ಗಂಟೆ: 30. ಎರಡು ದೀಪ ಸೇರಿ 1.7 ಆಂಪಿಯರಿನಂತೆ ಆರು ಗಂಟೆ: 10. ಒಂದು ರಾತ್ರಿಗೆ 40 ಆಂಪಿಯರ್-ಅವರ್ ಖರ್ಚು. ತೆಗೆದಷ್ಟೇ ಹಾಕಿದರೆ ಸಾಲದು, ಸುಮಾರು ಐದನೇ ಒಂದು ಪಾಲು ಜಾಸ್ತಿ ಹಾಕಬೇಕು. ಅಂದರೆ 48. ಚಾರ್ಜರ್ ಪೂರಾ 6 ಆಂಪಿಯರ್ ಕೊಟ್ಟರೂ ಎಂಟು ಗಂಟೆ. ಕೊನೆಯಲ್ಲಿ ಬ್ಯಾಟರಿ ನಿಧಾನವಾಗಿ ಕುಡಿಯುವುದರಿಂದ ಇನ್ನೂ ಎರಡು ಮೂರು ಗಂಟೆ. ಅವರು ಹಾಕುತ್ತಿದ್ದದ್ದು ನಾಲ್ಕು ಗಂಟೆ, ಅಂದರೆ ಹೆಚ್ಚೆಂದರೆ 24. ಮಧ್ಯೆ ಹೊಳೆಗೆ ಹೋಗದ ದಿನಗಳಲ್ಲಿ ಸ್ವಲ್ಪ ತುಂಬಿಕೊಳ್ಳುತ್ತಿತ್ತು, ಅದಕ್ಕೇ ಇಷ್ಟು ದಿನ ಎಳೆದುಕೊಂಡು ಬಂದಿತ್ತು.

ಈಗ ಬೆಳಗ್ಗೆ ಹೊಳೆಯಿಂದ ಬಂದ ಕೂಡಲೇ ಚಾರ್ಜಿಗೆ ಹಾಕುತ್ತಾರೆ. ಹಗಲು ಅವರ ಮನೆಯಲ್ಲಿ 220ರವರೆಗೆ ಕರೆಂಟ್ ಬರುತ್ತದೆ. ಇದರಲ್ಲಿ ಇನ್ನೊಂದು ಒಳ್ಳೆಯದಿದೆ. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಗಟ್ಟಿ ಪದರ ಕೂರುತ್ತದೆ. ಇದಕ್ಕೆ ಸಲ್ಫೇಶನ್ ಅನ್ನುತ್ತಾರೆ. ಬಿಟ್ಟಷ್ಟು ದಿನ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೇ ವೋಲ್ಟ್ 15ಕ್ಕೆ ಜಿಗಿದು, ಆಂಪಿಯರ್ ಬಿದ್ದು, ಬ್ಯಾಟರಿ ಬಿಸಿಯಾದರೆ ಪದರ ಕೂತಿದೆ ಎಂದರ್ಥ. 2 ಆಂಪಿಯರಿನಲ್ಲಿ ಒಂದೆರಡು ದಿನ ನಿಧಾನಕ್ಕೆ ಚಾರ್ಜ್ ಮಾಡಿ ನೋಡಬಹುದು. ಹೈಡ್ರೋಮೀಟರ್ ಏರಿದರೆ ಸರಿ, ಇಲ್ಲದಿದ್ದರೆ ಬಿಡಿ.

ಹೊಸ ಚಾರ್ಜರ್ ಕೊಳ್ಳುವುದಾದರೆ ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಪಾಲು ನೋಡಿ: 100ಕ್ಕೆ 10 ಆಂಪಿಯರ್. ಕಡಿಮೆ ಕರೆಂಟಿನಲ್ಲೂ ಸಮವಾಗಿ ಕೊಡುವಂಥದ್ದು ಕೇಳಿ ತೆಗೆದುಕೊಳ್ಳಿ. ಬೇಗ ಆಗಲಿ ಎಂದು ಟ್ರಕ್ಕಿನ 30 ಆಂಪಿಯರ್ ಚಾರ್ಜರಿಗೆ ಹಾಕಬೇಡಿ.

ಚಾರ್ಜ್ ಮಾಡುವ ಜಾಗದ ಬಗ್ಗೆ ಮಾತ್ರ ನನ್ನ ಮಾತು ಕೇಳಲೇಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಡುಗೆ ಮನೆ ಬೇಡ, ಮಕ್ಕಳು ಮಲಗುವ ಕೋಣೆ ಬೇಡ. ಬೀಡಿ ಹಚ್ಚಿಕೊಂಡು ಬಗ್ಗಿ ನೋಡಬೇಡಿ. ಕ್ಲಿಪ್ ಹಾಕುವಾಗ, ತೆಗೆಯುವಾಗ ಚಾರ್ಜರ್ ಸ್ವಿಚ್ ಆಫ್ ಇರಲಿ. ಪಾನಾ ಹಾಕುವ ಮೊದಲು ಕೈಯ ಕಡಗ, ಉಂಗುರ ತೆಗೆದಿಡಿ. ಎರಡೂ ತುದಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತವೆ. ಬಿಚ್ಚುವಾಗ ಮೊದಲು ಮೈನಸ್, ಕಟ್ಟುವಾಗ ಕೊನೆಗೆ ಮೈನಸ್. ಆಸಿಡ್ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ದೋಣಿಯಲ್ಲಿ ಮೋಟಾರು ಓಡುವಾಗ ನೋಡಿ

ಕಾಕಾ ಅವರ ಬ್ಯಾಟರಿಯನ್ನು ಅಂಗಡಿಯಲ್ಲೇ ಇಟ್ಟುಕೊಂಡು 8 ಆಂಪಿಯರಿನಲ್ಲಿ ಹಾಕಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಆರೂ ಸೆಲ್ 1.240ರಿಂದ 1.245ಕ್ಕೆ ಬಂದವು. ಗಂಟೆಗೊಮ್ಮೆ ಮೂರು ಸಲ ನೋಡಿದರೂ ಅಂಕಿ ಮೇಲೇರದಿದ್ದರೆ ಅದೇ ಪೂರ್ತಿ ಚಾರ್ಜ್. ಅದನ್ನು ದೋಣಿಗೆ ಕಟ್ಟಿ, ನೀರಿಗೆ ಇಳಿಸಿ, ಮೋಟಾರು ಹಾಕಿದೆವು. ಮೊದಲಿಗಿಂತ ವಾಸಿ. ಆದರೂ ಹುರುಪಿಲ್ಲ.

ಮೋಟಾರು ಓಡುತ್ತಿರುವಾಗಲೇ ಬ್ಯಾಟರಿಯ ತುದಿಯಲ್ಲಿ ಅಳೆದರೆ 12.3. ಮೋಟಾರಿನ ತುದಿಯಲ್ಲಿ ಅಳೆದರೆ 11.0. ಮಧ್ಯದಲ್ಲಿ 1.3 ವೋಲ್ಟ್ ಎಲ್ಲಿಗೆ ಹೋಯಿತು? 20 ಆಂಪಿಯರಿಗೆ 26 ವ್ಯಾಟ್, ಅಷ್ಟೂ ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ವೈರ್ ಉದ್ದಕ್ಕೂ ಕೈಯಾಡಿಸುತ್ತಾ ಬಂದೆ. ಪ್ಲಸ್ ವೈರಿನ ತುದಿಗೆ ಒತ್ತಿದ ಲೋಹದ ಕೊಂಡಿಗೆ, ಅಂದರೆ ಲಗ್ಗಿಗೆ, ಟೇಪ್ ಸುತ್ತಿದ್ದ ಜಾಗ ಮುಟ್ಟಲಾಗದಷ್ಟು ಬಿಸಿ ಇತ್ತು. ಟೇಪ್ ಬಿಚ್ಚಿದರೆ ಒಳಗೆ ಹಸಿರು ಪುಡಿ. ಎಳೆಗಳಲ್ಲಿ ಅರ್ಧಕ್ಕರ್ಧ ತಿಂದು ಹೋಗಿದ್ದವು.

ಕಾರವಾರದ ಕಡೆ ಸಮುದ್ರದ ಉಪ್ಪು ಈ ಕೆಲಸ ಮಾಡುತ್ತದೆ. ನಮ್ಮ ಹೊಳೆಯಲ್ಲಿ ಉಪ್ಪಿಲ್ಲ. ಇಲ್ಲಿ ತಾಮ್ರವನ್ನು ತಿನ್ನುವುದು ಬ್ಯಾಟರಿಯಿಂದಲೇ ಏಳುವ ಆಸಿಡ್ ಮಂಜು, ಅದಕ್ಕೆ ಜೊತೆಯಾದ ತೇವ. ಟೇಪಿನೊಳಗೆ ತೇವ ಸೇರಿದರೆ ಹೊರಗೆ ಬರುವುದಿಲ್ಲ. ಅದಕ್ಕೇ ದೋಣಿಯ ಜೋಡಣೆಗೆ ಬರೀ ಟೇಪ್ ಸುತ್ತಬೇಡಿ. ಒಳ್ಳೆಯ ತಾಮ್ರ ಕಾಣುವವರೆಗೆ ವೈರ್ ಕತ್ತರಿಸಿ, ಹೊಸ ಲಗ್ ಬಿಗಿಯಾಗಿ ಒತ್ತಿಸಿ, ಬಿಸಿ ಮಾಡಿದರೆ ಕುಗ್ಗುವ ಕೊಳವೆ ಹಾಕಿ. ಬ್ಯಾಟರಿ ತುದಿಗಳ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ. ಆಗ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಸೆಲ್ ಒಳಗೆ ಹೋಗಬಾರದು. ಒರೆಸಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಕ್ಲ್ಯಾಂಪ್ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬಿಗಿಯುವ ಮೊದಲು ಹಚ್ಚುವವರಿದ್ದಾರೆ, ಹಾಗೆ ಬೇಡ.

ವೈರಿನ ದಪ್ಪವೂ ಮುಖ್ಯ. ಬ್ಯಾಟರಿಯಿಂದ ಮೋಟಾರಿಗೆ ಎರಡೂವರೆ ಮೀಟರ್ ಇದ್ದರೆ ಹೋಗಿ ಬರಲು ಐದು ಮೀಟರ್ ವೈರ್ ಆಯಿತು. ಮನೆಗೆ ಎಳೆಯುವ 1.5 ಚದರ ಮಿಲಿಮೀಟರ್ ವೈರ್ ಹಾಕಿದರೆ 20 ಆಂಪಿಯರಿಗೆ ಹೊಸದರಲ್ಲೇ ಸುಮಾರು 1.2 ವೋಲ್ಟ್ ಕಳೆಯುತ್ತದೆ. 6 ಚದರ ಮಿಲಿಮೀಟರಿನದು ಹಾಕಿದರೆ ಕಳೆಯುವುದು 0.3 ಮಾತ್ರ. ಒಟ್ಟು ಇಳಿಕೆ 0.4ರೊಳಗೆ ಇದ್ದರೆ ಚಿಂತೆ ಇಲ್ಲ. ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ ಒಂದು ಫ್ಯೂಜ್ ಇರಲೇಬೇಕು. ನೀರಿನ ನಡುವೆ ವೈರಿಗೆ ಬೆಂಕಿ ಹತ್ತಿದರೆ ಓಡಿ ಹೋಗಲು ದಾರಿ ಇರುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಬೇಗ ಇಳಿದರೆ ಬ್ಯಾಟರಿಯ ಹೊಟ್ಟೆ ಎಷ್ಟು ಉಳಿದಿದೆ ಎಂದು ಅಳೆಯಬೇಕು. ಪೂರ್ತಿ ತುಂಬಿಸಿ, 12 ವೋಲ್ಟಿನ 60 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದನ್ನು ಕಟ್ಟಿ. ಅದು ಗಂಟೆಗೆ ಹತ್ತಿರ ಹತ್ತಿರ 5 ಆಂಪಿಯರ್-ಅವರ್ ತಿನ್ನುತ್ತದೆ. 100ರ ಬ್ಯಾಟರಿಯಾದರೆ ಹತ್ತು ಗಂಟೆಗೆ ಅರ್ಧ ಖಾಲಿಯಾಗಬೇಕು. ಬಲ್ಬ್ ತೆಗೆದು ವಿಶ್ರಾಂತಿ ಕೊಟ್ಟ ಮೇಲೆ 12.1ರ ಆಸುಪಾಸು ಇದ್ದರೆ ಬ್ಯಾಟರಿ ಗಟ್ಟಿ ಇದೆ. ನಾಲ್ಕು ಗಂಟೆಗೇ ಬಲ್ಬ್ ಮಂಕಾಗಿ 11ಕ್ಕೆ ಬಂದರೆ ಅದರ ಆಯಸ್ಸು ಮುಗಿದಿದೆ. ಆಗ ಹೊಸದು ತೆಗೆದುಕೊಳ್ಳಿ. ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಹಿಡಿಸಿಕೊಳ್ಳಿ. ಅದರೊಳಗಿನ ಸೀಸ, ಆಸಿಡ್ ಹೊಳೆ ದಂಡೆಗೆ ಬೀಳಬಾರದು.

ಯಾವ ಬ್ಯಾಟರಿ, ಎಲ್ಲಿ ಇಡುವುದು

ಟ್ರ್ಯಾಕ್ಟರ್ ಬ್ಯಾಟರಿಯನ್ನೇ ದೋಣಿಗೆ ಹಾಕುವವರು ಬಹಳ. ಅದರ ಪ್ಲೇಟ್ ತೆಳು. ಇಂಜಿನ್ ಚಾಲೂ ಮಾಡಲು ಒಂದು ಕ್ಷಣ ಜೋರಾಗಿ ಕೊಡುವುದು ಅದರ ಕೆಲಸ. ರಾತ್ರಿಯಿಡೀ ನಿಧಾನಕ್ಕೆ ಖಾಲಿಯಾಗುವುದು ಅದಕ್ಕೆ ಆಗಿಬರುವುದಿಲ್ಲ. ದೋಣಿಗೆ ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ ಬೇಕು. ಮರೀನ್ ಎಂದು ಬರೆದಿದ್ದರೂ ಅದು ಇಂಜಿನ್ ಚಾಲೂ ಮಾಡುವಂಥದ್ದೋ ಡೀಪ್ ಸೈಕಲ್ಲೋ ಕೇಳಿ ನೋಡಿ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಕೆಲಸಕ್ಕೆ ಒಳ್ಳೆಯದು, ಆದರೆ ಎತ್ತರ, ಭಾರ. ಹರಿಗೋಲಿನಂಥ ಓಲಾಡುವುದರಲ್ಲಿ ಅದನ್ನು ಇಡಬೇಡಿ. ಅಲ್ಲಿಗೆ ಸೀಲ್ ಆದದ್ದೇ ವಾಸಿ.

ಯಾವುದೇ ಇರಲಿ, ಪ್ಲಾಸ್ಟಿಕ್ ಟ್ರೇಯಲ್ಲಿಟ್ಟು ಪಟ್ಟಿ ಕಟ್ಟಿ. ಗಳಗನಾಥದ ಕಡೆಯ ಹುಡುಗನೊಬ್ಬನ ಹೊಸ ಬಲೆ ಒಂದೇ ಜಾಗದಲ್ಲಿ ಪದೇ ಪದೇ ಹರಿಯುತ್ತಿತ್ತು. ಬ್ಯಾಟರಿ ಪಕ್ಕದಲ್ಲೇ ಬಲೆ ಸುತ್ತಿಡುತ್ತಿದ್ದ. ಸಲ್ಫ್ಯೂರಿಕ್ ಆಸಿಡ್ ತಾಗಿದ ನೈಲಾನ್ ಬಲವೆಲ್ಲ ಕಳೆದುಕೊಳ್ಳುತ್ತದೆ.

ಲಿಥಿಯಂ ಹಾಕಿಸಿಕೊಂಡವರಿಗೆ ಒಂದೇ ಮಾತು. ಮೇಲಿನ ಅಂಕಿಗಳು ನಿಮ್ಮದಕ್ಕೆ ನಡೆಯುವುದಿಲ್ಲ, ಹಳೆಯ ಚಾರ್ಜರೂ ಬೇಡ, ಅದರದೇ ಚಾರ್ಜರ್ ಬಳಸಿ.

ಮಳೆಗಾಲದಲ್ಲಿ

ಹೊಳೆ ತುಂಬಿ ಬಂದಾಗ ದೋಣಿ ದಂಡೆಗೆ ಏರುತ್ತದೆ. ಬ್ಯಾಟರಿಯನ್ನು ಅದರಲ್ಲೇ ಬಿಡಬೇಡಿ. ಗಳಗನಾಥದ ಕಡೆಯ ಆ ಹುಡುಗ ಒಂದು ವರ್ಷ ಹಾಗೇ ಬಿಟ್ಟಿದ್ದ. ಮೋಟಾರು, ದೀಪ ಎಲ್ಲ ಆಫ್. ಆದರೆ ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನ ಚಿಕ್ಕ ನೀಲಿ ದೀಪ ಉರಿಯುತ್ತಲೇ ಇತ್ತು. ಅಳೆದಾಗ 30 ಮಿಲಿ ಆಂಪಿಯರ್. ದಿನಕ್ಕೆ 0.7 ಆಂಪಿಯರ್-ಅವರ್, ಎರಡು ತಿಂಗಳಿಗೆ 40ಕ್ಕೂ ಜಾಸ್ತಿ. ಇಂಥ ಸೋರಿಕೆ ಹಿಡಿಯಲು ಎಲ್ಲ ಸ್ವಿಚ್ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ನೋಡಿ. ಸೊನ್ನೆ ಬರಬೇಕು. ಮೀಟರ್ ಹಾಗೆ ಕಟ್ಟಿರುವಾಗ ಮೋಟಾರು ಹಾಕಬೇಡಿ, ಮೀಟರೇ ಸುಡುತ್ತದೆ.

ಪೂರ್ತಿ ಚಾರ್ಜ್ ಮಾಡಿ, ಮೇಲೆಲ್ಲ ಒರೆಸಿ, ವೈರ್ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ ಹಲಗೆಯ ಮೇಲೆ ಇಡಿ. ಸುಮ್ನೆ ಇಟ್ಟರೂ ತಾನಾಗಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಹಳೆಯದಾದರೆ ಇನ್ನೂ ಬೇಗ. ತಿಂಗಳಿಗೊಮ್ಮೆ ಮೀಟರ್ ಇಡಿ. 12.4ಕ್ಕೆ ಬಂದಿದ್ದರೆ ಮತ್ತೆ ತುಂಬಿಸಿ. ಕಾಕಾ ಅಮಾವಾಸ್ಯೆಗೊಮ್ಮೆ ಅಳೆಯುತ್ತಾರೆ, ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಪಕ್ಕವೇ ಬರೆದಿಡುತ್ತಾರೆ.